ಗಾಜಿನ ಕಪಾಟಿನ ಲಾರಿ

ಲಾರಿಯ ಬ್ರೇಕ್ ಹಿಡಿಯುತ್ತಿಲ್ಲವೆಂದು ನಾನು ಅದರ ಮಾಲೀಕನಿಗೆ ಹೇಳಿದ್ದು ಅವನ ಮನೆಯ ಕಟ್ಟೆಯ ಮುಂದೆ ನಿಂತು. ಮಿಶ್ರಿಕೋಟಿಯಲ್ಲಿ ಅವನನ್ನು ಎಲ್ಲರೂ ಸಾಹುಕಾರ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನ್ನ ಜೊತೆ ಕ್ಲೀನರ್ ಇದ್ದ. ನನಗಿಂತ ಎರಡು ವರ್ಷ ದೊಡ್ಡವನು, ಸ್ಟಿಯರಿಂಗ್ ಹಿಡಿಯುವ ಆಸೆಯಲ್ಲೇ ತಲೆ ನರೆಸಿಕೊಂಡವನು.

"ಎಡಗಡೆ ಹಿಂದಿನ ಗಾಲಿಯಿಂದ ಬ್ರೇಕ್ ಆಯಿಲ್ ಸೋರಾಕತ್ತೈತ್ರಿ ಸಾಹುಕಾರ್ರ. ಸ್ಪ್ರಿಂಗ್ ಪಟ್ಟಿನೂ ಮುರದೈತಿ. ಲೋಡ್ ಹೇರಿ ಘಟ್ಟ ಇಳಿಸೂದು ಹೆಂಗ?"

ಅವನು ಅಡಕೆ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಹ್ವಾದ ವಾರ ಇಳದಿಲ್ಲೇನ? ಹಂಗ ಇಳೀತೈತಿ, ಹೋಗು. ಪಟ್ಟಿಗೆ ಹಗ್ಗ ಬಿಗೀರಿ. ತಿರುಗಿ ಬಂದ ಮ್ಯಾಲೆ ನೋಡೂಣು."

ಕ್ಲೀನರ್ ಹಗ್ಗ ಬಿಗಿದ. ಅಕ್ಕಿ ಚೀಲ ಹೇರಿಕೊಂಡು ಅಂಕೋಲೆಯ ಕಡೆ ಹೊರಟೆವು. ಯಲ್ಲಾಪುರ ದಾಟಿ ಘಟ್ಟದಲ್ಲಿ ಎರಡನೇ ತಿರುವಿಗೆ ಬರುವಷ್ಟರಲ್ಲಿ ಪೆಡಲ್ ನನ್ನ ಕಾಲ ಕೆಳಗೆ ಒಮ್ಮೆಲೇ ಸತ್ತುಹೋಯಿತು. ಮತ್ತೆ ಮತ್ತೆ ತುಳಿದೆ. ತಳಕ್ಕೆ ಹೋಗಿ ಕಬ್ಬಿಣಕ್ಕೆ ಬಡಿಯಿತೇ ಹೊರತು ಗಾಡಿ ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದೆ, ಗೇರ್ ಇಳಿಸಲು ನೋಡಿದೆ. "ಜಿಗಿಯೋ!" ಅಂತ ಕೂಗಿದೆ. ಕ್ಲೀನರ್ ಜಿಗಿದ. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ. ನಾನು ಗುಡ್ಡಕ್ಕೆ ಗುದ್ದಿದೆ. ಗಾಡಿ ಮಗ್ಗುಲಾಯಿತು. ಅದರ ಉದ್ದ ಮೂತಿ ಒಳಕ್ಕೆ ಬಂದು ನನ್ನ ಬಲಗಾಲನ್ನು ಸೀಟಿಗೆ ಅವುಚಿ ಹಿಡಿಯಿತು. ಅಕ್ಕಿ ರಸ್ತೆ ತುಂಬ ಚೆಲ್ಲಿದ ಸಪ್ಪಳ ಕೇಳಿದ್ದು ನೆನಪಿದೆ.

ಎಚ್ಚರವಾದಾಗ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿದ್ದೆ. ಕಾಲೊಳಗೆ ಕಬ್ಬಿಣದ ಸರಳು ಹಾಕಿದ್ದರು. ತಲೆದೆಸೆಯಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಿದರೆ ಬರೀ ಕಾಲಿನ ದುಃಖ ಅಲ್ಲವೆಂದು ಗೊತ್ತಾಗುತ್ತಿತ್ತು.

"ನೀವು ಕುಡದಿದ್ರಂತ," ಅಂದಳು. "ಗಾಡ್ಯಾಗ ಶೆರೆ ಬಾಟ್ಲಿ ಸಿಕ್ತಂತ. ಸಾಹುಕಾರ್ರು ಪೊಲೀಸರ ಮುಂದ ಹೇಳ್ಯಾರ. ಕ್ಲೀನರ್ರೂ ಹೌದಂದಾನ."

ನಾನು ಲಿಂಗ ಕಟ್ಟಿಕೊಂಡ ಮನೆಯವನು. ಬೀಡಿ ಕೂಡ ಸೇದಿದವನಲ್ಲ. ದಾರಿಯಲ್ಲಿ ಬೇರೆ ಡ್ರೈವರುಗಳು ಕುಡಿಯಲು ಕೂತರೆ ನಾನು ಗಾಡಿಯಲ್ಲಿ ಮಲಗುತ್ತಿದ್ದೆ. ಮುಂದಿನ ಗಾಜು, ಬಾಗಿಲಿನ ಗಾಜು, ಕನ್ನಡಿ, ದೀಪ, ದೇವರ ಪಟದ ಗಾಜು ಎಲ್ಲ ಪುಡಿಪುಡಿಯಾದ ಕ್ಯಾಬಿನ್ನಿನಲ್ಲಿ ಆ ಬಾಟಲಿ ಒಂದು ಮಾತ್ರ ಗೀರೂ ಇಲ್ಲದೆ ಉಳಿದಿತ್ತಂತೆ! ಯಾರೂ ಅದನ್ನು ಕೇಳಲಿಲ್ಲ.

ಲೈಸೆನ್ಸ್ ಹೋಯಿತು. ಆ ಕಾಲಿನಲ್ಲಿ ಮತ್ತೆ ಗಾಡಿ ಹೊಡೆಯುವುದು ಆಗುತ್ತಲೂ ಇರಲಿಲ್ಲ, ಹಾಗಾಗಿ ಅದಕ್ಕೆ ಅಳಲಿಲ್ಲ. ಕ್ಲೀನರ್ ಸಾಹುಕಾರನ ಇನ್ನೊಂದು ಲಾರಿಗೆ ಡ್ರೈವರ್ ಆದ. ಅದನ್ನೂ ನುಂಗಿಕೊಂಡೆ. ನುಂಗಲಾರದೆ ಹೋದದ್ದು ಮಠದ ಮಾತು. ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಒಂದೇ ಮಠ. ಶ್ರಾವಣ ಸೋಮವಾರಗಳಂದು ಪಂಕ್ತಿಗೆ ಹುಗ್ಗಿ ನೀಡುವ ಕೆಲಸ ನಮ್ಮಪ್ಪನದು, ಅವನ ನಂತರ ನನ್ನದು. ಆ ಶ್ರಾವಣದಲ್ಲಿ ಬಗಲಿಗೆ ಕೋಲು ಕೊಟ್ಟುಕೊಂಡು ಹೋದೆ. ಅಡುಗೆ ಮನೆಯ ಬಾಗಿಲಲ್ಲೇ ಹಿರಿಯರೊಬ್ಬರು ತಡೆದರು.

"ತಮ್ಮಾ, ಈ ವರ್ಷ ನೀ ಕುಂತು ಉಣ್ಣು. ಮಂದಿ ಏನೇನರ ಮಾತಾಡಾಕತ್ತಾರ."

ಪಂಕ್ತಿಯ ಮೊದಲ ಸಾಲಿನಲ್ಲಿ ಸಾಹುಕಾರ ಕೂತಿದ್ದ. ಹಣೆಗೆ ವಿಭೂತಿ ಪಟ್ಟೆ. ನನ್ನನ್ನು ನೋಡಿ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಪಕ್ಕದವನು ನಕ್ಕ. ನಾನು ಉಣ್ಣದೆ ನಮ್ಮೂರು ದುಮ್ಮವಾಡಕ್ಕೆ ವಾಪಸು ಬಂದೆ. ದಾರಿಯುದ್ದಕ್ಕೂ ಒಂದೇ ವಿಚಾರ ಮಾಡಿದೆ: ಇವನ ತಲೆ ಅದೇ ಪಂಕ್ತಿಯಲ್ಲಿ ತಗ್ಗಬೇಕು.

ಕೋರ್ಟಿಗೆ ಹೋಗುವ ತ್ರಾಣ ಇರಲಿಲ್ಲ. ಹೊಡೆಯಲು ಕಾಲು ಇರಲಿಲ್ಲ. ಇದ್ದದ್ದು ಎರಡು ಕೈ, ಮತ್ತು ಆ ಗಾಡಿ ಹೇಗಿತ್ತೆಂಬ ನೆನಪು. ಪೂಜಾರಿಗೆ ತನ್ನ ದೇವರ ಮೂರ್ತಿ ನೆನಪಿದ್ದ ಹಾಗೆ ನನಗೆ ಆ ಲಾರಿ ನೆನಪಿತ್ತು. ಯಾವ ಬೋಲ್ಟು ಸಡಿಲ, ಯಾವ ಹಲಗೆ ಸೀಳಿದೆ, ಯಾವ ಬಾಗಿಲು ಎತ್ತಿ ತಳ್ಳಿದರೆ ಮಾತ್ರ ಹಾಕಿಕೊಳ್ಳುತ್ತದೆ, ಎಲ್ಲ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಸಣ್ಣವನಿದ್ದಾಗ ಎಲ್ಲರ ಹಾಗೆ ಜೋಳದ ದಂಟಿನ ಬೆಂಡಿನಿಂದ ಚಕ್ಕಡಿ ಮಾಡಿದ್ದೆ. ಮಠದಿಂದ ಬಂದ ಮೇಲೆ ಮೊದಲು ಅದನ್ನೇ ಹಿಡಿದೆ. ಬೆಂಡು ಲಾರಿಯ ಗಡಸುತನ ಕೊಡಲಿಲ್ಲ, ಒಲೆಗೆ ಹಾಕಿದೆ. ಆಮೇಲೆ ಹೆಂಡತಿಯಿಂದ ಡಾಲ್ಡಾ ಡಬ್ಬಿ, ಚಹಾಪುಡಿ ಪೆಟ್ಟಿಗೆಯ ತೆಳು ಹಲಗೆ ತರಿಸಿದೆ. ಅಳತೆಗೆ ಒಂದು ಲೆಕ್ಕ ಇಟ್ಟುಕೊಂಡೆ, ನಿಜವಾದ ಗಾಡಿಯ ಒಂದು ಮೊಳಕ್ಕೆ ನನ್ನ ಗಾಡಿಯಲ್ಲಿ ಒಂದು ಬೆರಳು. ಆ ಲೆಕ್ಕ ತಪ್ಪಲು ಬಿಡಲಿಲ್ಲ. ತಗಡು ಕತ್ತರಿಸಿ ಮೂತಿ ಬಗ್ಗಿಸಿದೆ. ಹರಿದ ಚಪ್ಪಲಿಯ ರಬ್ಬರಿನಲ್ಲಿ ಗಾಲಿ ಕೊರೆದೆ. ಬ್ಯಾಟರಿಯ ಬಲ್ಬು ಮುಂದಿನ ದೀಪವಾಯಿತು. ಹಳೆ ಕೊಡೆಯ ಬಟ್ಟೆ ತಾಡಪತ್ರಿಯಾಯಿತು. ಗಡಿಯಾರದ ಹಳೆಯ ಸ್ಪ್ರಿಂಗನ್ನು ತುಂಡು ಮಾಡಿ ಒಂದರ ಮೇಲೊಂದು ಇಟ್ಟು ಪಟ್ಟಿ ಕಟ್ಟಿದೆ, ಎಡಗಡೆಯ ಮೇಲಿನ ಪಟ್ಟಿಯನ್ನು ಬೇಕಂತಲೇ ಮುರಿದೆ, ಅದಕ್ಕೆ ಗೋಣಿದಾರದ ಹಗ್ಗ ಬಿಗಿದೆ.

ಬಣ್ಣ ಬಳಿದಾಗ ಅದು ಶೋರೂಮಿನಿಂದ ಬಂದ ಗಾಡಿಯ ಹಾಗೆ ಹೊಳೆಯಿತು. ಕೆಂಪು ಕ್ಯಾಬಿನ್, ಹಸಿರು ಬಾಡಿ, ಹಳದಿ ಅಂಚು, ಹಣೆಯ ಮೇಲೆ 'ತಾಯಿಯ ಆಶೀರ್ವಾದ'. ಹೆಂಡತಿಗೆ ಬಹಳ ಹಿಡಿಸಿತು. ಮರುದಿನ ನಾನು ಅದನ್ನು ಕೆಡಿಸಲು ಕೂತಾಗ ಅವಳಿಗೆ ಸಿಟ್ಟು ಬಂತು.

"ಇಷ್ಟ ಚಂದ ಮಾಡಿ ಮತ್ಯಾಕ ಹೊಲಸ ಮಾಡ್ತೀರಿ?"

"ಅವನ ಗಾಡಿ ಚಂದ ಇರಲಿಲ್ಲ."

ಕೆಡಿಸುವುದೇ ನಿಜವಾದ ಕೆಲಸ ಅಂತ ಆಗ ತಿಳಿಯಿತು. ಬಣ್ಣ ಹಚ್ಚಲು ಎರಡು ದಿನ ಸಾಕಾಗಿತ್ತು, ಕೆಡಿಸಲು ಉಳಿದ ಮಳೆಗಾಲವೆಲ್ಲ ಬೇಕಾಯಿತು. ಮೊಳೆಗಳನ್ನು ಹುಣಸೆ ನೀರಿನಲ್ಲಿ ನೆನೆಹಾಕಿ ತುಕ್ಕು ಬೆಳೆಸಿದೆ. ಆ ತುಕ್ಕನ್ನು ಒಣಗಿಸಿ ಅರೆದು, ಬೇವಿನ ಅಂಟಿನಲ್ಲಿ ಕಲಸಿ, ಅರಿವೆ ತುದಿಯಿಂದ ಒತ್ತಿ ಒತ್ತಿ ಹಚ್ಚಿದರೆ ಕಣ್ಣಿಗೆ ಸುಳ್ಳು ಅನಿಸುತ್ತಿರಲಿಲ್ಲ. ಆದರೆ ಬಣ್ಣ ಚಕ್ಕೆ ಏಳುವುದು ಹೇಗೆಂದು ಹೊಳೆಯಲಿಲ್ಲ. ಚಾಕುವಿನಿಂದ ಕೆರೆದರೆ ಕೆರೆದ ಹಾಗೇ ಕಾಣುತ್ತಿತ್ತು. ಒಂದು ದಿನ ಹೆಂಡತಿ ಉಪ್ಪಿನ ಮರಿಗೆ ಎತ್ತಿಕೊಂಡು ಹೋಗುವಾಗ ನಾಲ್ಕು ಹರಳು ತುಕ್ಕು ಹಚ್ಚಿದ ಒದ್ದೆ ತಗಡಿನ ಮೇಲೆ ಬಿದ್ದವು. ನೋಡದೆ ಮೇಲೆ ಬಣ್ಣ ಬಳಿದೆ. ಒಣಗಿದ ಮೇಲೆ ಕೈಯಾಡಿಸಿದರೆ ಹರಳು ಉದುರಿ, ಅವು ಕೂತಿದ್ದ ಕಡೆ ಕೆಳಗಿನ ತುಕ್ಕು ಇಣುಕಿತು. ವರ್ಷಗಟ್ಟಲೆ ಬಿಸಿಲಿಗೆ ನಿಂತ ಗಾಡಿಯ ಚರ್ಮ ಅದೇ! ನಾನು ಆ ದಿನ ಅಪಘಾತದ ನಂತರ ಮೊದಲ ಸಲ ನಕ್ಕೆ. ಆ ನಗು ಅವಳಿಗೆ ಚೆನ್ನಾಗಿ ಕಾಣಲಿಲ್ಲವೇನೋ, ಸುಮ್ಮನೆ ಒಳಗೆ ಹೋದಳು.

ಚಿಮಣಿಯ ಮಸಿ ಸೈಲೆನ್ಸರಿಗೆ ಹೋಯಿತು. ನಮ್ಮ ಕಡೆಯ ಕೆಂಪು ಮಣ್ಣನ್ನು ಹಳೆಯ ಧೋತರದಲ್ಲಿ ಸೋಸಿ, ಅಂಗೈಯಲ್ಲಿಟ್ಟು ಊದಿ, ಗಾಲಿಯ ಮೇಲೆ ಕೂರಿಸಿದೆ. ಕೊನೆಗೆ ಎಡಗಡೆಯ ಹಿಂದಿನ ಗಾಲಿಗೆ ಬಂದೆ. ಕಲಘಟಗಿಯ ಮೆಕ್ಯಾನಿಕ್ ಒಬ್ಬನಿಂದ ತರಿಸಿದ್ದ ಹಳೆ ಆಯಿಲ್ ಅನ್ನು ಕಡ್ಡಿಯ ತುದಿಯಲ್ಲಿ ಅದ್ದಿ, ಗಾಲಿಯ ಒಳಮಗ್ಗುಲಿನಿಂದ ಕೆಳಕ್ಕೆ ಒಂದು ಜಾಡು ಎಳೆದೆ. ಮಣ್ಣು ಅಂಟಿಕೊಂಡು ಕಪ್ಪಾದ, ದಿನವೂ ಸೋರುತ್ತಿದ್ದ ಆ ಜಾಡು. ನಂಬರ್ ಪ್ಲೇಟಿನ ಮೇಲೆ ಮಾತ್ರ ಏನೂ ಬರೆಯಲಿಲ್ಲ.

ಮಿಶ್ರಿಕೋಟಿಯಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಚಹಾದಂಗಡಿ ಇತ್ತು. ಡ್ರೈವರುಗಳೆಲ್ಲ ಅಲ್ಲೇ ಸೇರುವರು. ಅಂಗಡಿಯವನನ್ನು ನಾವು ಕಾಕಾ ಅನ್ನುತ್ತಿದ್ದೆವು. ಗಾಡಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ ಅವನ ಮುಂದೆ ಬಿಚ್ಚಿದೆ. ಕಾಕಾ ಬಹಳ ಹೊತ್ತು ನೋಡಿದ. ಬಗ್ಗಿ ಎಡಗಡೆಯ ಗಾಲಿ ನೋಡಿದ. ಮತ್ತೆ ನನ್ನ ಕಾಲು ನೋಡಿದ.

"ಭಜಿ ಕಪಾಟಿನ್ಯಾಗ ಮ್ಯಾಲಿನ ಹಲಗಿ ಖಾಲಿ ಐತಿ," ಅಂದ. "ಇಡು."

ಮಿರ್ಚಿ ಭಜಿ, ಬನ್ನುಗಳ ಮೇಲೆ, ಗಾಜಿನ ಹಿಂದೆ, ಸಾಹುಕಾರನ ಲಾರಿ ನಿಂತಿತು. ಮೊದಲ ದಿನ ಜನ ಚಂದ ಐತಿ ಅಂದರು. ಎರಡನೇ ದಿನ ಡ್ರೈವರುಗಳು ಬಂದರು, ಅವರು ಚಂದ ಅನ್ನಲಿಲ್ಲ. ಒಬ್ಬ ಬಗ್ಗಿ ನೋಡಿ ಇನ್ನೊಬ್ಬನಿಗೆ ಬೆರಳು ತೋರಿಸಿದ. "ಬ್ರೇಕ್ ಆಯಿಲ್ ನೋಡ್ಲೇ. ಪಟ್ಟಿ ನೋಡು." ನಾನು ಮೂಲೆಯ ಬಾಕಿನ ಮೇಲೆ ಕೂತು ಒಂದೇ ಕಪ್ ಚಹಾವನ್ನು ಮಧ್ಯಾಹ್ನದವರೆಗೆ ಕುಡಿಯುತ್ತಿದ್ದೆ. ಯಾರಿಗೂ ಏನೂ ಹೇಳಲಿಲ್ಲ. ಅಷ್ಟು ರುಚಿಯ ಚಹಾ ನಾನು ಅದಕ್ಕೂ ಮೊದಲು ಕುಡಿದಿರಲಿಲ್ಲ.

ವಾರದೊಳಗೆ ನನ್ನ ಹಳೆಯ ಕ್ಲೀನರ್ ಬಂದ. ಈಗ ಡ್ರೈವರ್, ಕೊರಳಿಗೆ ಕರವಸ್ತ್ರ. ಭಜಿ ಕೇಳಲು ಕಪಾಟಿನ ಹತ್ತಿರ ಹೋದವನು ಅಲ್ಲೇ ನಿಂತುಬಿಟ್ಟ. ಅವನು ಗಾಜಿನ ಮೇಲೆ ಕೈ ಇಟ್ಟು, ತನಗೆ ತಾನೇ ಎಂಬಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದ:

"ಈ ಹಗ್ಗ ನಾನ ಬಿಗದಿದ್ದೆ."

"ಮತ್ತ ಬಾಟ್ಲಿ?" ಅಂತ ಯಾರೋ ಕೇಳಿದರು.

ಅವನು ನನ್ನ ಕಡೆ ತಿರುಗಿದ. ನಾನು ಅವನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಅವನು ಭಜಿ ಬಿಟ್ಟು ಹೊರಗೆ ಹೋದ.

ಮಾತು ಸಾಹುಕಾರನಿಗೆ ಮುಟ್ಟಲು ಸಂಜೆಯಾಗಲಿಲ್ಲ. ಅವನು ಬಂದಾಗ ಅಂಗಡಿ ತುಂಬಿತ್ತು. ನೆಟ್ಟಗೆ ಕಪಾಟಿನ ಮುಂದೆ ಹೋಗಿ ನಿಂತ.

"ಯಾರನ್ನ ಕೇಳಿ ಇಟ್ಟೀಲೇ ಇದನ್ನ?"

"ಆಟಿಗಿ ಸಾಮಾನ ಐತ್ರಿ," ಅಂದೆ.

"ನನ್ನ ಗಾಡಿ ತಂದಿಟ್ಟು ನನ್ನ ಮರ್ಯಾದಿ ಕಳೀತಿಯೇನ?"

"ನಿಮ್ಮದು ಅಂತ ಎಲ್ಲಿ ಬರದೇನ್ರಿ? ನಂಬರಿಲ್ಲ, ಹೆಸರಿಲ್ಲ. ಆಯಿಲ್ ಸೋರೂ ಗಾಡಿ, ಹಗ್ಗ ಬಿಗದ ಗಾಡಿ. ಅದು ನಿಮ್ಮದು ಅಂತ ನೀವ ಹೇಳಾಕತ್ತೀರಿ."

ಹಿಂದಿನ ಬಾಕಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಸಾಹುಕಾರನ ಮುಖ ಕುತ್ತಿಗೆಯವರೆಗೂ ಕೆಂಪೇರಿತು. ಕಪಾಟಿನ ಬಾಗಿಲು ಮುರಿಯುವಂತೆ ಎಳೆದು ಗಾಡಿಯನ್ನು ಹೊರಗೆ ತೆಗೆದು ನೆಲಕ್ಕೆ ಒಗೆದ, ಚಪ್ಪಲಿ ಕಾಲಿನಿಂದ ತುಳಿದ. ತಗಡು ಚಪ್ಪಟೆಯಾಯಿತು. ಗಾಲಿಯೊಂದು ಉರುಳಿಕೊಂಡು ನನ್ನ ಕೋಲಿಗೆ ಬಂದು ತಾಕಿತು. ಮಳೆಗಾಲವೆಲ್ಲ ಕೂತು ಮಾಡಿದ ಕೆಲಸ. ನನಗೆ ಸಂಕಟವಾಗಬೇಕಿತ್ತು. ಆದರೆ ಅವನು ತುಳಿದದ್ದು ತನ್ನದೇ ಗಾಡಿಯನ್ನು, ಅದನ್ನು ಹತ್ತಾರು ಜನ ನೋಡುತ್ತಿದ್ದರು. ನಾನು ಬಗ್ಗಿ ತುಂಡುಗಳನ್ನು ಆರಿಸಿ ಅರಿವೆಯಲ್ಲಿ ಕಟ್ಟಿಕೊಂಡೆ.

"ನಡೀರಿ ಸಾಹುಕಾರ್ರ," ಅಂದೆ. "ಮುಂದಿನದು ಮಾಡಿ ತರತೇನಿ."

ಎರಡನೆಯದನ್ನು ಮಾಡುವಾಗ ಕೈ ತಾನೇ ನಡೆಯಿತು. ಈ ಸಲ ನಿಂತ ಗಾಡಿ ಅಲ್ಲ, ಬಿದ್ದ ಗಾಡಿ. ಹಲಗೆಯ ಮೇಲೆ ಘಟ್ಟದ ತಿರುವು ಮಾಡಿದೆ, ಕಲ್ಲು ಮಣ್ಣು ಅಂಟಿಸಿ ಗುಡ್ಡ ಏರಿಸಿದೆ. ಅದಕ್ಕೆ ಮೂತಿ ಗುದ್ದಿ ಮಗ್ಗುಲಾದ ಲಾರಿ. ಹಿಂಬದಿಯ ಹಲಗೆ ಬಿಚ್ಚಿ ನುಚ್ಚಕ್ಕಿ ಚೆಲ್ಲಿದೆ. ಗಾಜಿಗೆ ಅಭ್ರಕದ ತುಣುಕು ಹಾಕಿ ಒಂದನ್ನೂ ಬಿಡದೆ ಒಡೆದೆ, ಮುಂದಿನದು, ಬಾಗಿಲಿನದು, ದೀಪದ್ದು, ಕನ್ನಡಿಯದು. ಆಸ್ಪತ್ರೆಯಿಂದ ಬರುವಾಗ ಇಂಜೆಕ್ಷನ್ನಿನ ಒಂದು ಸಣ್ಣ ಗಾಜಿನ ಬಾಟಲಿ ನನ್ನ ಚೀಲದಲ್ಲಿ ಉಳಿದುಬಿಟ್ಟಿತ್ತು. ಅದನ್ನು ತೊಳೆದು, ಒರೆಸಿ, ಫಳಫಳ ಹೊಳೆಯುವಂತೆ ಮಾಡಿ, ಆ ಪುಡಿಗಾಜಿನ ನಡುವೆ ಸೀಟಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಇಡೀ ಗಾಡಿಯಲ್ಲಿ ಒಡೆಯದ ಗಾಜು ಅದೊಂದೇ.

ಹೆಂಡತಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. "ಬ್ಯಾಡ್ರಿ. ಅವರ ಮನ್ಯಾಗೂ ಹೆಣ್ಣಮಕ್ಕಳದಾರ."

"ನನ್ನ ಮನ್ಯಾಗ ಇರಲಿಲ್ಲೇನ?"

ಕಾಕಾ ಕಪಾಟಿನ ಮುರಿದ ಬಾಗಿಲು ಸರಿ ಮಾಡಿಸಿ ಬೀಗ ಹಾಕಿಸಿದ್ದ. ಎರಡನೇ ಗಾಡಿ ಒಳಗೆ ಕೂತಾಗ ಯಾರೂ ಯಾರಿಗೂ ಬೆರಳು ತೋರಿಸಬೇಕಾಗಲಿಲ್ಲ. ಜನ ಗಾಜಿಗೆ ಮೂಗು ಹಚ್ಚಿ ಮೊದಲು ಪುಡಿಗಾಜು ನೋಡುವರು, ಆಮೇಲೆ ಬಾಟಲಿ ನೋಡುವರು, ಆಮೇಲೆ "ಹೌದಲ್ಲ" ಅನ್ನುವರು. ದೇವಿಕೊಪ್ಪದಿಂದ, ಕಲಘಟಗಿಯಿಂದ ಡ್ರೈವರುಗಳು ಅದಕ್ಕಂತಲೇ ಗಾಡಿ ನಿಲ್ಲಿಸತೊಡಗಿದರು. ಸಾಹುಕಾರ ಮತ್ತೆ ಒಮ್ಮೆ ಬಂದ. ಕಾಕಾ ಚಹಾ ಸೋಸುತ್ತಲೇ ಕೇಳಿದ, "ಇದನ್ನೂ ಒಡೀತೀರೇನ್ರಿ? ಒಡದದ್ದ ಐತಿ." ಸಾಹುಕಾರ ಹೊಸ್ತಿಲಿಂದಲೇ ತಿರುಗಿ ಹೋದ.

ನನ್ನ ಕ್ಲೀನರ್ ಅವನ ಕೆಲಸ ಬಿಟ್ಟ. ಬ್ರೇಕ್ ಮಾಡಿಸದೆ ಘಟ್ಟ ಇಳಿಸುವುದಿಲ್ಲ ಅಂದನಂತೆ. ಅವನ ಹಿಂದೆ ಇನ್ನೊಬ್ಬ ಬಿಟ್ಟ. ಸಾಹುಕಾರನ ಗಾಡಿ ಅಂದರೆ "ಕಪಾಟಿನ ಗಾಡಿ" ಅನ್ನುವ ಹೆಸರು ಬಿತ್ತು. ಡ್ರೈವರುಗಳಿಲ್ಲದೆ ಎರಡು ಲಾರಿ ಅವನ ಹಿತ್ತಲಲ್ಲಿ ನಿಂತವು. ನಾನು ಬಸ್ಸಿನ ಕಿಟಕಿಯಿಂದ ಅವುಗಳನ್ನು ನೋಡುತ್ತಿದ್ದೆ. ಮಳೆ ಬಿಸಿಲಿಗೆ ನಿಜವಾದ ತುಕ್ಕು ಏರುತ್ತಿತ್ತು, ನನಗಿಂತ ಚೆನ್ನಾಗಿ. ನನ್ನ ಕಣ್ಣು ಅದರಲ್ಲೂ ಬಣ್ಣ ಕಲಿಯುತ್ತಿತ್ತು, ಮೊದಲು ಕಿತ್ತಳೆ, ಆಮೇಲೆ ಕಾಫಿಪುಡಿ, ಆಮೇಲೆ ಕಪ್ಪು.

ಮುಂದಿನ ಶ್ರಾವಣಕ್ಕೆ ಸ್ವಲ್ಪ ಮೊದಲು ಅವನು ದುಮ್ಮವಾಡಕ್ಕೆ, ನಮ್ಮ ಮನೆಗೆ ಬಂದ. ಒಬ್ಬನೇ. ಇಳಿದುಹೋಗಿದ್ದ. ಹೆಂಡತಿ ನೀರು ಕೊಟ್ಟಳು, ಕುಡಿದ.

"ತಗದಬಿಡೋ ಮಾರಾಯಾ ಅದನ್ನ. ಏನ ಬೇಕು ಹೇಳು. ಗಾಡಿ ಬೇಕ?"

"ಗಾಡಿ ನನ್ನ ಕಡೆ ಐತ್ರಿ."

"ಮತ್ತೇನ ಬೇಕು?"

"ಶ್ರಾವಣ ಸೋಮವಾರ ಮಠದ ಪಂಕ್ತ್ಯಾಗ, ಮಂದಿ ಎಲಿ ಮುಂದ ಕುಂತಿರತಾರಲ್ಲ, ಆವಾಗ ಎದ್ದು ನಿಂತು ಹೇಳ್ರಿ. ಬ್ರೇಕ್ ಇರಲಿಲ್ಲ, ಅಂವ ಕುಡದಿರಲಿಲ್ಲ, ಬಾಟ್ಲಿ ನಾನ ಇಡಿಸಿದ್ದೆ ಅಂತ."

"ಅಷ್ಟ ಮಂದಿ ಮುಂದ?"

"ಅಷ್ಟ ಮಂದಿ ಮುಂದನ ನನ್ನನ್ನ ಬಾಗಲದಾಗ ನಿಂದ್ರಿಸಿದ್ರು."

ಅವನು ತಂಬಿಗೆ ಕೆಳಗಿಟ್ಟು ಹೋದ. ಅವನು ಹೇಳುವುದಿಲ್ಲ ಅಂತಲೇ ನನ್ನ ಲೆಕ್ಕವಿತ್ತು. ಮೂರನೆಯದಕ್ಕೆ ತಗಡು ಕತ್ತರಿಸಿಟ್ಟುಕೊಂಡಿದ್ದೆ.

ಆದರೆ ಅವನು ಹೇಳಿದ. ಎರಡನೇ ಸೋಮವಾರ, ಎಲೆ ಹಾಕಿ ನೀರು ಚಿಮುಕಿಸಿದ ಹೊತ್ತಿಗೆ, ಮೊದಲ ಸಾಲಿನಿಂದ ಎದ್ದ. ಧ್ವನಿ ಸಣ್ಣಗಿತ್ತು. ಹಿಂದಿನವರಿಗೆ ಕೇಳಲಿಲ್ಲವೆಂದು ಯಾರೋ "ಜೋರಾಗಿ ಹೇಳ್ರಿ" ಅಂದರು. ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಅದು ನಾನು ಬೇಡಿದ್ದಕ್ಕಿಂತ ಹೆಚ್ಚು ಸಿಕ್ಕ ಹಾಗೆ. ಬಾಗಿಲಲ್ಲಿ ನನ್ನನ್ನು ತಡೆದಿದ್ದ ಹಿರಿಯರೇ ನನ್ನ ಕೈಗೆ ಹುಗ್ಗಿಯ ಬಕೆಟ್ಟು, ಸೌಟು ಕೊಟ್ಟರು.

ಕುಂಟುತ್ತ ನೀಡುತ್ತ ಬಂದೆ. ಒಂದೊಂದು ಎಲೆಗೂ ತುಂಬು ಸೌಟು. ಕೆಲವರು ನನ್ನ ಕೈ ಮುಟ್ಟಿ ಹಣೆಗೆ ಹಚ್ಚಿಕೊಂಡರು. ಸಾಹುಕಾರನ ಎಲೆ ಬಂತು. ಅವನು ತಲೆ ತಗ್ಗಿಸಿ ಎರಡೂ ಕೈ ಎಲೆಯ ಮುಂದೆ ಇಟ್ಟಿದ್ದ. ನಾನು ಅವನ ಎಲೆ ದಾಟಿ ಪಕ್ಕದವನಿಗೆ ನೀಡಿದೆ.

ಪಂಕ್ತಿಯಲ್ಲಿ ಎಲೆ ಬಿಟ್ಟು ನೀಡುವುದು ನಮ್ಮಲ್ಲಿ ಎಂಥ ಮಾತೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಕಂಬದ ಹತ್ತಿರ ಕೂತಿದ್ದ ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಮೆಲ್ಲಗೆ ಅಂದರು, "ತಮ್ಮಾ, ಒಂದ ಎಲಿ ಖಾಲಿ ಉಳೀತು."

"ಕಂಡೇನ್ರಿ ಅಜ್ಜಾರ. ನನ್ನ ಕೈಲೆ ಆಗೂದಿಲ್ಲ. ಬ್ಯಾರೆಯವ್ರು ನೀಡ್ಲಿ."

ಅವರು ನನ್ನನ್ನು ಬಯ್ಯಲಿಲ್ಲ. ತಾವೇ ಎದ್ದು ಬಂದು ಬಕೆಟ್ಟಿನಿಂದ ಒಂದು ಸೌಟು ತೆಗೆದು ಅವನ ಎಲೆಗೆ ಹಾಕಿದರು. ಅವನು ಉಂಡ. ಕಣ್ಣೀರು ಹುಗ್ಗಿಗೆ ಬೀಳುತ್ತಿತ್ತೆಂದು ಆಮೇಲೆ ಯಾರೋ ಹೇಳಿದರು. ನಾನು ಆ ಹೊತ್ತಿಗೆ ಸಾಲಿನ ಕೊನೆಗೆ ಹೋಗಿದ್ದೆ, ಹಿಂದೆ ನೋಡಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು. "ಅಷ್ಟ ಮಂದಿ ಮುಂದ ಹೇಳಿದ್ರಲ್ಲ. ಅದೂ ಸಾಕಾಗಲಿಲ್ಲೇನ್ರಿ ನಿಮಗ?"

"ಸಾಕಾಗಿದ್ರ ನೀಡ್ತಿದ್ದೆ."

ಬಿದ್ದ ಲಾರಿಯನ್ನು ಕಪಾಟಿನಿಂದ ತೆಗೆದೆ, ಆಡಿದ ಮಾತು ಆಡಿದ್ದೇ. ತಂದು ಅಟ್ಟದ ಮೇಲೆ ಇಟ್ಟೆ. ಸಾಹುಕಾರ ಉಳಿದ ಗಾಡಿಗಳನ್ನು ಮಾರಿ ಹಿಟ್ಟಿನ ಗಿರಣಿ ಹಾಕಿದ. ಊರವರು ಅವನನ್ನು ಕ್ಷಮಿಸಿದರು, ನಾಲ್ಕು ಜನರೆದುರು ತಪ್ಪು ಒಪ್ಪಿಕೊಂಡವನು ದೊಡ್ಡವನು ಅಂತಲೂ ಅಂದರು. ಅದನ್ನು ಕೇಳಿದಾಗ ನನ್ನ ಕಾಲಿನ ಸರಳು ಚಳಿಗಾಲದಲ್ಲಿ ನೋಯುವ ಹಾಗೆ ನೋಯಿತು.

ನನಗೆ ಕೆಲಸ ತಾನಾಗಿ ಬಂತು. ಡ್ರೈವರುಗಳು ತಮ್ಮ ತಮ್ಮ ಗಾಡಿ ಮಾಡಿಕೊಡಲು ಕೇಳತೊಡಗಿದರು, ಟ್ರ್ಯಾಕ್ಟರಿನವರು ಟ್ರೇಲರ್ ಕೇಳಿದರು. ಹೊಸದರ ಹಾಗೆ ಮಾಡು ಅಂತ ಒಬ್ಬನೂ ಹೇಳಲಿಲ್ಲ. ಸೊಟ್ಟ ಬಂಪರು, ಅಳಿಸಿಹೋದ ಹಣೆಬರಹ, ಎಲ್ಲ ಇರಬೇಕು, ಇಲ್ಲದಿದ್ದರೆ ಅದು ತಮ್ಮ ಗಾಡಿ ಅಲ್ಲ ಅನ್ನುವರು.

ಅದಾಗಿ ಕೆಲವೇ ವರ್ಷಗಳಲ್ಲಿ ಸಾಹುಕಾರ ತೀರಿಕೊಂಡ. ಮಿಶ್ರಿಕೋಟಿಯಿಂದ ಬಸ್ಸಿನಲ್ಲಿ ಬಂದವರು ಸುದ್ದಿ ತಂದರು. ಹೆಂಡತಿ ಸೀರೆ ಬದಲಿಸಿ ಹೊರಟು ನಿಂತಳು.

"ಮಣ್ಣಿಗೆ ಬರೂದಿಲ್ಲೇನ್ರಿ?"

"ನೀ ಹೋಗಿ ಬಾ."

ಅವಳು ಚಪ್ಪಲಿ ಮೆಟ್ಟಿ ಹೊರಟಳು. ನನ್ನ ಮುಂದೆ ದೇವಿಕೊಪ್ಪದವನೊಬ್ಬನ ಟ್ರೇಲರ್ ಇತ್ತು, ಕಬ್ಬು ಹೇರಿ ಹೇರಿ ಸೀಳಿದ ಹಿಂದಿನ ಹಲಗೆಯದು. ಅದರ ಬಿರುಕುಗಳಿಗೆ ಒಂದೊಂದಾಗಿ ಮಸಿ ತುಂಬುತ್ತ ಕೂತೆ. ಬೀದಿಯಲ್ಲಿ ಜನ ಬಸ್ಸಿಗೆ ಹೋಗುವುದು ಕೇಳುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಬೆಳಕು ಹೋಗುವವರೆಗೂ ನನ್ನ ಕೈ ಒಮ್ಮೆಯೂ ಅಲುಗಲಿಲ್ಲ.